ವಿದ್ಯುತ್ ಜಾಲದಲ್ಲಿ ಅಧಿಕ ಆವರ್ತನ: ರಕ್ಷಣಾ ಕ್ರಮಗಳು ಹಾಗೂ ಸೌರ ಮೇಲ್ಛಾವಣಿ ಅರ್ಜಿದಾರರ ಹೊಣೆ

ಹಿನ್ನೆಲೆ

ವಿದ್ಯುತ್ ಕೊರತೆಯಿಂದ ಜಾಲಕ್ಕೆ ತೊಂದರೆಯಾಗುವುದು ಸಾರ್ವಜನಿಕರಿಗೆ ತಿಳಿದ ಸಂಗತಿ. ವಿದ್ಯುತ್ ಅಗತ್ಯಕ್ಕಿಂತ ಹೆಚ್ಚಾದಾಗಲೂ ಜಾಲವು ಅಪಾಯಕ್ಕೆ ಒಳಗಾಗುತ್ತದೆ ಎಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ಮೇಲ್ಛಾವಣಿ ಸೌರ ಘಟಕಗಳಿಗೆ ಅರ್ಜಿ ಸಲ್ಲಿಸುವ ಗ್ರಾಹಕರು ಈ ವಿಷಯವನ್ನು ಅರಿಯುವುದು ಅವಶ್ಯವಾಗಿರುತ್ತದೆ.

ಭಾರತದ ವಿದ್ಯುತ್ ಜಾಲದ ನಿಗದಿತ ಆವರ್ತನವು 50 ಹರ್ಟ್ಜ್ ಆಗಿದ್ದು, 49.90ರಿಂದ 50.05 ಹರ್ಟ್ಜ್‌ವರೆಗಿನ ವ್ಯಾಪ್ತಿಯಲ್ಲಿ ಅದನ್ನು ಕಾಯ್ದುಕೊಳ್ಳಬೇಕಾಗಿರುತ್ತದೆ. ಬೇಡಿಕೆಯು ಹಠಾತ್ತನೆ ಕುಸಿದರೆ ಉತ್ಪಾದನಾ ಯಂತ್ರಗಳ ವೇಗ ಹೆಚ್ಚಿ ಆವರ್ತನವು ಏರುತ್ತದೆ.

ಪರಿಣಾಮ ಮತ್ತು ರಕ್ಷಣೆ

ಆವರ್ತನವು ಮಿತಿ ಮೀರಿದಲ್ಲಿ ಉಷ್ಣ ಸ್ಥಾವರಗಳ ಟರ್ಬೈನುಗಳ ಉದ್ದನೆಯ ಅಲಗುಗಳು ಅತಿಯಾಗಿ ಕಂಪಿಸಿ ಹಾನಿಗೊಳ್ಳುವ ಸಂಭವವಿರುತ್ತದೆ. ಇದನ್ನು ತಡೆಯಲು ಮೊದಲಿಗೆ ಗವರ್ನರ್ ಎಂಬ ಸಾಧನವು ಹಬೆ ಅಥವಾ ನೀರಿನ ಹರಿವನ್ನು ತಾನಾಗಿಯೇ ತಗ್ಗಿಸುತ್ತದೆ. ಅನಂತರ ಲೋಡ್ ಡಿಸ್ಪ್ಯಾಚ್ ಕೇಂದ್ರಗಳು ಉತ್ಪಾದನೆ ಇಳಿಸಲು ಸೂಚನೆ ನೀಡುತ್ತವೆ. ಕೊನೆಯದಾಗಿ ರಿಲೇಗಳು ಯಂತ್ರಗಳನ್ನು ಜಾಲದಿಂದ ಬೇರ್ಪಡಿಸುತ್ತವೆ. ಈ ಬೇರ್ಪಡಿಕೆಯು ಹಂತಹಂತವಾಗಿ ನಡೆಯಬೇಕು. ಎಲ್ಲವೂ ಏಕಕಾಲಕ್ಕೆ ಬೇರ್ಪಟ್ಟರೆ ಹೆಚ್ಚುವರಿಯು ಕ್ಷಣಾರ್ಧದಲ್ಲಿ ಕೊರತೆಯಾಗಿ ಪರಿಣಮಿಸಿ, ವ್ಯಾಪಕ ಪ್ರದೇಶವು ಕತ್ತಲಲ್ಲಿ ಮುಳುಗಬಹುದು.

2020ರ ಏಪ್ರಿಲ್ 5ರ ಅನುಭವ

ಸದರಿ ದಿನ ರಾತ್ರಿ 9 ಗಂಟೆಗೆ ದೇಶದಾದ್ಯಂತ ಜನರು 9 ನಿಮಿಷಗಳ ಕಾಲ ದೀಪಗಳನ್ನು ಆರಿಸಿದಾಗ ಬೇಡಿಕೆಯು ಸುಮಾರು 31,000 ಮೆಗಾವ್ಯಾಟ್‌ನಷ್ಟು ಕುಸಿಯಿತು. ಮುಂಚಿತವಾಗಿಯೇ ಹೆಚ್ಚು ಉತ್ಪಾದನೆಯಲ್ಲಿ ಇರಿಸಲಾಗಿದ್ದ ಜಲವಿದ್ಯುತ್ ಸ್ಥಾವರಗಳಿಂದ 17,000 ಮೆಗಾವ್ಯಾಟ್‌ಗೂ ಅಧಿಕ ಉತ್ಪಾದನೆಯನ್ನು ತ್ವರಿತವಾಗಿ ಇಳಿಸಲಾಯಿತು. ಆವರ್ತನವು 49.70 ಮತ್ತು 50.26 ಹರ್ಟ್ಜ್‌ಗಳ ನಡುವೆ ಉಳಿದು ಜಾಲವು ಸುರಕ್ಷಿತವಾಗಿತ್ತು. ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ 2013ರ ಡಿಸೆಂಬರ್ 31ರಂದು ದಕ್ಷಿಣ ಜಾಲವು ರಾಷ್ಟ್ರೀಯ ಜಾಲದೊಂದಿಗೆ ಸಮಕಾಲಿಕಗೊಂಡಿದ್ದರಿಂದ, ಈ ಏರಿಳಿತವು ಕರ್ನಾಟಕಕ್ಕೂ ಅನ್ವಯಿಸಿತ್ತು.

ಸೌರ ಘಟಕಗಳ ಪಾತ್ರ

ಮೇಲ್ಕಂಡ ಘಟನೆಯ ಸಮಯವು ಮೊದಲೇ ತಿಳಿದಿತ್ತು. ರಾತ್ರಿಯಾದ್ದರಿಂದ ಸೌರ ಉತ್ಪಾದನೆಯೂ ಇರಲಿಲ್ಲ. ಹಗಲಿನಲ್ಲಿ ಪರಿಸ್ಥಿತಿ ಭಿನ್ನವಾಗಿರುತ್ತದೆ. ಜರ್ಮನಿಯಲ್ಲಿ ಹಳೆಯ ಸೌರ ಇನ್ವರ್ಟರುಗಳು 50.2 ಹರ್ಟ್ಜ್ ತಲುಪಿದೊಡನೆ ಏಕಕಾಲಕ್ಕೆ ಸ್ಥಗಿತಗೊಳ್ಳುವಂತೆ ಹೊಂದಿಸಲ್ಪಟ್ಟಿದ್ದವು. ಇದರ ಅಪಾಯವನ್ನು ಮನಗಂಡು, 2012ರ ನಿಯಮದನ್ವಯ 3 ಲಕ್ಷಕ್ಕೂ ಹೆಚ್ಚು ಘಟಕಗಳನ್ನು ಮಾರ್ಪಡಿಸಲು ಕ್ರಮ ಕೈಗೊಳ್ಳಲಾಯಿತು. ಒಂದು ಮನೆಯ ಘಟಕವು ಚಿಕ್ಕದಾದರೂ, ಲಕ್ಷಾಂತರ ಘಟಕಗಳು ಒಟ್ಟಾಗಿ ವರ್ತಿಸಿದಾಗ ಬೃಹತ್ ಸ್ಥಾವರಕ್ಕೆ ಸಮನಾಗುತ್ತವೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಅರ್ಜಿದಾರರ ಗಮನಕ್ಕೆ

ಆವರ್ತನವು ಮಿತಿ ಮೀರಿದಾಗ ಘಟಕವು ಜಾಲದಿಂದ ಬೇರ್ಪಡುವ ವ್ಯವಸ್ಥೆಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ವಿನಿಯಮಗಳಲ್ಲಿ ವಿಧಿಸಲಾಗಿದೆ. ಆದುದರಿಂದ:

1. ಮಾನ್ಯತೆ ಪಡೆದ, ಪರೀಕ್ಷಾ ಪ್ರಮಾಣಪತ್ರವುಳ್ಳ ಇನ್ವರ್ಟರನ್ನು ಮಾತ್ರ ಅಳವಡಿಸತಕ್ಕದ್ದು.
2. ಉತ್ಪಾದನೆ ಹೆಚ್ಚಿಸುವ ಉದ್ದೇಶದಿಂದ ಇನ್ವರ್ಟರಿನ ರಕ್ಷಣಾ ಮಿತಿಗಳನ್ನು ಬದಲಿಸಬಾರದು. ಅಳವಡಿಸುವವರಿಗೂ ಅದಕ್ಕೆ ಅವಕಾಶ ನೀಡಬಾರದು.
3. ಆವರ್ತನದ ಕಾರಣ ಇನ್ವರ್ಟರು ಕೆಲಕಾಲ ಸ್ಥಗಿತಗೊಂಡಲ್ಲಿ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಪದೇ ಪದೇ ಸ್ಥಗಿತಗೊಂಡಲ್ಲಿ ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯನ್ನು ಸಂಪರ್ಕಿಸುವುದು.

ಜಾಲದ ಸುರಕ್ಷತೆಯು ಸ್ಥಾವರಗಳಿಗೆ ಮಾತ್ರ ಸೀಮಿತವಾಗಿಲ್ಲ. ಜಾಲಕ್ಕೆ ವಿದ್ಯುತ್ ನೀಡುವ ಪ್ರತಿಯೊಬ್ಬ ಗ್ರಾಹಕರೂ ಅದರಲ್ಲಿ ಪಾಲುದಾರರಾಗಿರುತ್ತಾರೆ.