ನಿಮ್ಮ ಪಿಎಫ್ ಉಳಿಸಿದವರು

2016ರ ನಂತರ ನೀವು ಯಾವಾಗಲಾದರೂ ಕೆಲಸ ಬಿಟ್ಟು ಪಿಎಫ್ ದುಡ್ಡನ್ನು ಪೂರ್ತಿ ಡ್ರಾ ಮಾಡಿದ್ದೀರಾ? ಹಾಗಿದ್ದರೆ ನೀವು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಋಣದಲ್ಲಿದ್ದೀರಿ. ಸುಮ್ನೆ ಹೇಳ್ತಿಲ್ಲ ಸ್ವಾಮಿ, ಕತೆ ಕೇಳಿ.

ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟರೆ ನಿಮ್ಮ ಸಂಬಳದಲ್ಲಿ ಕಟ್ ಆದ ಪಾಲು ಮತ್ತು ಅದರ ಬಡ್ಡಿ ಮಾತ್ರ ಕೈಗೆ. ಕಂಪನಿ ಕಟ್ಟಿದ ಪಾಲು ಬೇಕೆಂದರೆ 58 ವರ್ಷ ತುಂಬುವವರೆಗೆ ಕಾಯಬೇಕು. ನಿಯಮ ಟೆಕ್ಕಿಗಳಿಗೂ ಒಂದೇ, ಟೈಲರ್‌ಗಳಿಗೂ ಒಂದೇ. ಟೆಕ್ ಪಾರ್ಕುಗಳಲ್ಲಿ ಕಾಫಿ ಕುಡೀತಾ ಗೊಣಗಾಟ ನಡೆಯಿತು, ಅಷ್ಟೇ.

ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳಿಗೆ ಈ 58 ಅನ್ನೋದು ಕ್ರೂರ ಜೋಕು. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು, ದಿನವಿಡೀ ಮೆಷಿನ್ ಮುಂದೆ ಬಗ್ಗಿಸಿದ ಬೆನ್ನು. ಅಷ್ಟು ವರ್ಷ ಆ ಕೆಲಸ ಮಾಡೋಕೆ ಮೈ ಬಿಡಬೇಕಲ್ಲ? ಮಗಳ ಫೀಸು, ಊರಿನ ಸಾಲ, ಮನೆಯ ಆಸ್ಪತ್ರೆ ಖರ್ಚು, ಎಲ್ಲಕ್ಕೂ ಅವಳ ಹತ್ತಿರ ಇರೋದು ಆ ಪಿಎಫ್ ಗಂಟೊಂದೇ.

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿ ಕಡೆಯ ಹೆಂಗಸರು ಕೆಲಸ ನಿಲ್ಲಿಸಿ ಹೊಸೂರು ರಸ್ತೆಗೆ ಇಳಿದರು. ಮಾರನೇ ದಿನ ಪೀಣ್ಯ, ಜಾಲಹಳ್ಳಿ, ತುಮಕೂರು ರಸ್ತೆಯೂ ಬಂದ್. ಕರೆ ಕೊಟ್ಟ ಯೂನಿಯನ್ ಇಲ್ಲ, ಲೀಡರ್ ಇಲ್ಲ, ಮೈಕ್ ಇಲ್ಲ. ಕಲ್ಲು ಬಿತ್ತು, ಬಸ್ಸಿಗೆ ಬೆಂಕಿ ಬಿತ್ತು, ಪೊಲೀಸರ ಲಾಠಿಯೂ ಬಿತ್ತು. ಬೆಂಕಿ ಇಟ್ಟಿದ್ದನ್ನು ನಾನು ಸಮರ್ಥಿಸಲ್ಲ. ಆದರೆ 19ರಂದೇ ದೆಹಲಿ ಆ ನಿಯಮವನ್ನು ವಾಪಸ್ ತಗೊಂಡಿತು. ದೇಶದ ಎಲ್ಲ ಪಿಎಫ್ ಖಾತೆದಾರರಿಗೂ ಇದರ ಲಾಭ ಸಿಕ್ಕಿತು. ಕ್ಯಾಬಿನಲ್ಲಿ ಕೂತು "ಇವರಿಂದ ಟ್ರಾಫಿಕ್ ಜಾಮು" ಅಂತ ಬೈದವರಿಗೂ ಸಿಕ್ಕಿತು.

"ಅವರು ಲೇಬರ್, ನಾವು ಪ್ರೊಫೆಷನಲ್ಸ್" ಅಂತೀರಾ? ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ದಾಟಿ ಬಿ.ಇ. ಸೇರಿದವರು ಐಟಿಗೆ ಬಂದೆವು, ದಾಟದ ಹುಡುಗಿಯರು ಗಾರ್ಮೆಂಟ್ಸ್‌ಗೆ ಬಂದರು. ಇಬ್ಬರನ್ನೂ ಬೆಂಗಳೂರಿಗೆ ಕರೆಸಿದ್ದು ಒಂದೇ ಲೆಕ್ಕಾಚಾರ: ಇಲ್ಲಿ ಕೂಲಿ ಅಗ್ಗ. ಅವರ ಶರ್ಟಿನ ರೇಟು, ಶಿಪ್‌ಮೆಂಟ್ ಡೇಟು ನಿರ್ಧಾರ ಆಗೋದು ಯುರೋಪಿನ, ಅಮೆರಿಕದ ಬ್ರ್ಯಾಂಡಿನ ಆಫೀಸಿನಲ್ಲಿ. ನಮ್ಮ ಬಿಲ್ಲಿಂಗ್ ರೇಟು, ರಿಲೀಸ್ ಡೇಟು ನಿರ್ಧಾರ ಆಗೋದೂ ಅಂಥದ್ದೇ ಇನ್ನೊಂದು ಆಫೀಸಿನಲ್ಲಿ. ಇನ್ನೂ ಅಗ್ಗದ ಜಾಗ ಸಿಕ್ಕಿದ ದಿನ ಅವರ ಆರ್ಡರೂ ಹೋಗುತ್ತೆ, ನಮ್ಮ ಪ್ರಾಜೆಕ್ಟೂ ಹೋಗುತ್ತೆ. ಸಂಬಳದ ವ್ಯತ್ಯಾಸ ಸಣ್ಣದಲ್ಲ, ಒಪ್ತೀನಿ. ಅವಳ ತಿಂಗಳ ಸಂಬಳ ನಮ್ಮಲ್ಲಿ ಕೆಲವರ ವೀಕೆಂಡ್ ಬಿಲ್ಲು. ಆದರೆ ಸಂಬಳ ಜಾಸ್ತಿಯಾದ ಮಾತ್ರಕ್ಕೆ ಯಾರೂ ಮಾಲೀಕರಾಗಲ್ಲ. ಒಂದು ಲೇಆಫ್ ಮೇಲ್ ಬಂದರೆ ಗೊತ್ತಾಗುತ್ತೆ.

2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಕಾಯ್ದೆ ತಿದ್ದಿ, ಫ್ಯಾಕ್ಟರಿಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿದರು. ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅದು ಫ್ಯಾಕ್ಟರಿ ವಿಷಯ ತಾನೇ? 2024ರ ಜುಲೈಗೆ ಐಟಿಯವರಿಗೇ 14 ಗಂಟೆಯ ಪ್ರಸ್ತಾಪ ಬಂತು. ಅಲ್ಲಿ ಮಾಡಿದ ದಾರಿ ನಮ್ಮ ಮನೆ ಬಾಗಿಲಿಗೆ ಬರೋಕೆ ಒಂದೂವರೆ ವರ್ಷ ಸಾಕಾಯಿತು. ಆಗ ಬೀದಿಯಲ್ಲಿ ನಿಂತು ವಿರೋಧಿಸಿದ್ದು ಕಿಟು ಅನ್ನುವ ಐಟಿ ನೌಕರರ ಯೂನಿಯನ್. ನಿಮ್ಮ ಟೀಮಿನಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದಾರೆ, ನಾಳೆ ಲಂಚ್‌ನಲ್ಲಿ ವಿಚಾರಿಸಿ ನೋಡಿ.

ಯೂನಿಯನ್ ಅಂದರೆ ಮೂಗು ಮುರಿಯೋದು ನಮಗೆ ಅಪ್ರೈಸಲ್ ಜೊತೆ ಕಲಿಸಿದ ಪಾಠ. "ಇಷ್ಟ ಇಲ್ಲದಿದ್ದರೆ ಕಂಪನಿ ಬದಲಿಸು" ಅನ್ನೋದು ಆ ಪಾಠದ ಸಾರಾಂಶ. ಎಲ್ಲ ಕಂಪನಿಗೂ ಒಂದೇ ಕಾನೂನು ಬಂದ ದಿನ ಎಲ್ಲಿಗೆ ಬದಲಿಸ್ತೀರಿ? ಅವತ್ತು ರೆಸ್ಯೂಮೆ ಕೆಲಸಕ್ಕೆ ಬರಲ್ಲ, ಪಕ್ಕದಲ್ಲಿ ನಿಲ್ಲುವ ಜನ ಬೇಕು.

ಮುಂದಿನ ಸಲ ಹೆಂಗಸರು ಹೊಸೂರು ರಸ್ತೆಗೆ ಇಳಿದಾಗ ಹಾರ್ನ್ ಹೊಡೀಬೇಡಿ. ಕಾರಿನ ಗ್ಲಾಸು ಇಳಿಸಿ, "ಏನಮ್ಮಾ ವಿಷಯ?" ಅಂತ ಕೇಳಿ. ಅದು ನಿಮ್ಮ ವಿಷಯವೇ ಆಗಿರಬಹುದು.