ಬಾಟಲಿಯ ಮೇಲೆ ಹುಲ್ಲಿದೆ, ಊರಲ್ಲಿ ಗೋಮಾಳ ಎಲ್ಲಿದೆ?

ಪುಣೆಯ ನಮ್ಮ ಅಪಾರ್ಟ್‌ಮೆಂಟಿಗೆ ಬೆಳಗ್ಗೆ ಆರಕ್ಕೆ ಹಾಲಿನ ಹುಡುಗ ಬರುತ್ತಾನೆ. ಮೂರು ವರ್ಷದ ಹಿಂದೆ ಅವನ ಚೀಲದ ತುಂಬ ಪ್ಯಾಕೆಟ್ ಹಾಲೇ ಇರುತ್ತಿತ್ತು. ಈಗ ಅರ್ಧದಷ್ಟು ಗಾಜಿನ ಬಾಟಲಿ. ಅದರ ಮೇಲೆ ಹಸಿರು ಗುಡ್ಡ, ಹಿಣಿಲಿರುವ ಹಸು ಮತ್ತು ಮೂರು ಪದ: ‘ಎ2’, ‘ದೇಸಿ’, ‘ಗ್ರಾಸ್‌ಫೆಡ್’. ಲೀಟರಿಗೆ 120 ರೂಪಾಯಿ. ಮಗಳು ಹಾಲು ಕುಡಿಯಲು ಶುರುಮಾಡಿದ ಮೇಲೆ ನಮ್ಮ ಮನೆಗೂ ಅದೇ ಬಂತು.

ಒಂದು ದಿನ ಕುತೂಹಲಕ್ಕೆ ಆ ಕಂಪನಿಯ ಸಹಾಯವಾಣಿಯಲ್ಲಿ ಕೇಳಿದೆ, “ನಿಮ್ಮ ಹಸುಗಳು ಎಲ್ಲಿ ಮೇಯುತ್ತವೆ?” “ಹಸಿರು ಮೇವು ಹಾಕುತ್ತೇವೆ ಸರ್” ಎಂದರು. “ಹೊರಗೆ ಮೇಯಲು ಬಿಡುತ್ತೀರಾ?” ಎಂದೆ. “ಚೆಕ್ ಮಾಡಿ ತಿಳಿಸುತ್ತೇವೆ” ಎಂದರು. ಎರಡು ತಿಂಗಳಾಯಿತು, ಇನ್ನೂ ತಿಳಿಸಿಲ್ಲ.

ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ನಮ್ಮೂರು ಹೊಸದುರ್ಗ ತಾಲೂಕಿನಲ್ಲಿದೆ. ಮನೆಯಲ್ಲಿ ಎರಡು ಎಚ್‌ಎಫ್ ಹಸುಗಳಿವೆ. ಅಪ್ಪ ನಕ್ಕರು. “ಹುಲ್ಲು ಮೇಯ್ದ ಹಾಲಿಗೆ ನೂರಿಪ್ಪತ್ತಾ? ಆ ದನ ಯಾವೂರಾಗೆ ಮೇಯ್ತಾವಂತೆ ಕೇಳಪ್ಪ. ನಮ್ಮೂರಾಗಂತೂ ಮೇಯಕ್ಕೆ ಜಾಗ ಇಲ್ಲ.”

ಅಪ್ಪ ತಮಾಷೆಗೆ ಹೇಳಿದರೂ ಈ ಇಡೀ ವ್ಯವಹಾರದಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಪಟ್ಟಣದಲ್ಲಿ ಹುಲ್ಲು ಮೇಯ್ದ ಹಸುವಿನ ಹಾಲು, ತುಪ್ಪಕ್ಕೆ ಬೇಡಿಕೆ ಏರುತ್ತಿದೆ. ಹುಲ್ಲು ಬೆಳೆಯುವ ನೆಲ ಮಾತ್ರ ಕರಗುತ್ತಿದೆ. ಹಾಗಾದರೆ ನಾವು ಹೆಚ್ಚುವರಿ ದುಡ್ಡು ಕೊಡುತ್ತಿರುವುದು ಯಾವುದಕ್ಕೆ?

‘ಗ್ರಾಸ್‌ಫೆಡ್’ ಎಂಬ ಪದ ಹೆಸರು ಮಾಡಿದ್ದು ಅಮೆರಿಕದ ಬೀಫ್ ಮಾರುಕಟ್ಟೆಯಲ್ಲಿ. ಅಲ್ಲಿ ಬಹುತೇಕ ದನಗಳು ಮೊದಲು ಹುಲ್ಲುಗಾವಲಿನಲ್ಲೇ ಬೆಳೆದರೂ, ಕೊನೆಯ ಕೆಲವು ತಿಂಗಳು ದೊಡ್ಡ ದೊಡ್ಡಿಗಳಲ್ಲಿ ಮೆಕ್ಕೆಜೋಳ ತಿಂದು ಕೊಬ್ಬುತ್ತವೆ. ಇದು ಬೇಡ ಎನ್ನುವ ಗ್ರಾಹಕರು ಹೆಚ್ಚಿದಾಗ ಅಲ್ಲಿನ ಕೃಷಿ ಇಲಾಖೆ 2007ರಲ್ಲಿ ಒಂದು ಮಾನದಂಡ ತಂದಿತು. ತಾಯಿಹಾಲು ಬಿಟ್ಟ ಮೇಲೆ ಆಯುಷ್ಯವಿಡೀ ಹುಲ್ಲು, ಸೊಪ್ಪು ಮಾತ್ರ, ಕಾಳು ಇಲ್ಲ, ಹುಲ್ಲು ಬೆಳೆಯುವ ಕಾಲದಲ್ಲಿ ಹೊರಗೆ ಮೇಯಲು ಬಿಡಬೇಕು. 2016ರ ಜನವರಿಯಲ್ಲಿ ಅದೇ ಇಲಾಖೆ ಆ ಮಾನದಂಡವನ್ನು ಹಿಂದಕ್ಕೆ ಪಡೆಯಿತು. ಆಮೇಲೆ ಕಂಪನಿಗಳು ಸಲ್ಲಿಸುವ ಕಾಗದಪತ್ರ ನೋಡಿಯೇ ಲೇಬಲ್‌ಗೆ ಒಪ್ಪಿಗೆ. ಇದರ ಜೊತೆಗೆ, ಹೊರದೇಶದಿಂದ ತಂದ ಮಾಂಸವನ್ನು ಅಮೆರಿಕದಲ್ಲಿ ಕತ್ತರಿಸಿ ಪ್ಯಾಕ್ ಮಾಡಿದರೂ ‘ಅಮೆರಿಕದ ಉತ್ಪನ್ನ’ ಎಂದು ಬರೆಯಬಹುದಿತ್ತು. ಹುಟ್ಟಿದ್ದು, ಬೆಳೆದದ್ದು, ಕಡಿದದ್ದು ಎಲ್ಲ ಅಲ್ಲೇ ಆಗಿದ್ದರೆ ಮಾತ್ರ ಹಾಗೆ ಬರೆಯಬೇಕು ಎಂಬ ನಿಯಮ ಬಂದದ್ದು 2024ರಲ್ಲಿ. ಜಾರಿಯ ದಿನಾಂಕ 2026ರ ಜನವರಿ 1.

ಅಮೆರಿಕದ ಅನುಭವದಿಂದ ಇನ್ನೂ ಮುಖ್ಯವಾದ ಒಂದು ಲೆಕ್ಕ ಸಿಗುತ್ತದೆ. ಎಲ್ಲ ಬೀಫ್ ಹುಲ್ಲಿನಿಂದಲೇ ಬರಬೇಕಾದರೆ ಏನಾಗುತ್ತದೆ ಎಂದು ಮ್ಯಾಥ್ಯೂ ಹಾಯೆಕ್ ಮತ್ತು ರೇಚಲ್ ಗ್ಯಾರೆಟ್ ಎಂಬ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿದರು. ಹುಲ್ಲು ತಿಂದ ದನ ನಿಧಾನವಾಗಿ ಬೆಳೆಯುವುದರಿಂದ ಅಷ್ಟೇ ಮಾಂಸಕ್ಕೆ ಶೇ 30ರಷ್ಟು ಹೆಚ್ಚು ದನ ಬೇಕು. ಈಗಿರುವ ಹುಲ್ಲುಗಾವಲು ಸಾಲುವುದು ಈಗಿನ ಉತ್ಪಾದನೆಯ ಶೇ 27ಕ್ಕೆ ಮಾತ್ರ. ಅಷ್ಟು ವಿಶಾಲ ದೇಶದಲ್ಲೇ ಹೀಗೆ. ಹುಲ್ಲು ಮೇಯಿಸುತ್ತೇವೆ ಎನ್ನುವುದು ಕೊನೆಗೂ ನೆಲದ ಪ್ರಶ್ನೆ.

ನಮ್ಮಲ್ಲಿ ಗೊಂದಲ ಇನ್ನೂ ಹೆಚ್ಚು. ಏಕೆಂದರೆ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಬಾಟಲಿಗೆ ತುಂಬಿದ್ದೇವೆ. ಎ2 ಎನ್ನುವುದು ಬೀಟಾ ಕೇಸೀನ್ ಎಂಬ ಪ್ರೋಟೀನಿನ ಒಂದು ರೂಪ. ಅದು ಹಸುವಿನ ವಂಶವಾಹಿಗೆ ಸೇರಿದ್ದು, ಮೇವಿಗಲ್ಲ. ವರ್ಷವಿಡೀ ಕೊಟ್ಟಿಗೆಯಲ್ಲೇ ಕಟ್ಟಿ ಹಿಂಡಿ, ಬೂಸಾ ತಿನ್ನಿಸಿದ ಗಿರ್ ಹಸುವಿನ ಹಾಲೂ ಎ2 ಆಗಿರಬಹುದು. ಎಮ್ಮೆ ಹಾಲೂ ಎ2 ಬಗೆಯದ್ದೇ. ಆದರೆ ಅದರ ಪ್ಯಾಕೆಟ್ ಮೇಲೆ ಯಾರೂ ಹಸಿರು ಗುಡ್ಡ ಬರೆದು 120 ರೂಪಾಯಿ ಕೇಳುವುದಿಲ್ಲ. ಹುಲ್ಲಿನ ಗುಣ ಬೇರೆ. ಹಸಿರು ಮೇಯ್ದ ಹಸುವಿನ ಹಾಲಿನಲ್ಲಿ ಒಮೆಗಾ 3 ಕೊಬ್ಬು ಮತ್ತು ತುಪ್ಪಕ್ಕೆ ಹಳದಿ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಹೆಚ್ಚಿರುತ್ತವೆ. ಇದು ನಿಜ. ಆದರೆ ಒಂದು ಲೋಟ ಹಾಲಿನಲ್ಲಿ ಸಿಗುವ ಒಮೆಗಾ 3ಕ್ಕಿಂತ ಒಂದು ಚಮಚ ಅಗಸೆ ಚಟ್ನಿಪುಡಿಯಲ್ಲಿ ಸಿಗುವುದು ಎಷ್ಟೋ ಹೆಚ್ಚು.

ಕಾನೂನು ಏನು ಹೇಳುತ್ತದೆ? 2024ರ ಆಗಸ್ಟ್ 21ರಂದು ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಎ1, ಎ2 ಎಂಬ ಹೇಳಿಕೆಗಳನ್ನು ಪ್ಯಾಕೆಟ್‌ಗಳಿಂದಲೂ ಜಾಲತಾಣಗಳಿಂದಲೂ ತೆಗೆಯಿರಿ ಎಂದು ಕಂಪನಿಗಳಿಗೆ ಸೂಚಿಸಿತು. ಐದೇ ದಿನಕ್ಕೆ, ಆಗಸ್ಟ್ 26ರಂದು, ಇನ್ನಷ್ಟು ಸಮಾಲೋಚನೆ ಬೇಕು ಎಂದು ಆ ಸೂಚನೆಯನ್ನು ವಾಪಸ್ ಪಡೆಯಿತು. ಅದೇ ಪ್ರಾಧಿಕಾರದ 2018ರ ನಿಯಮಗಳು ‘ನ್ಯಾಚುರಲ್’, ‘ಫ್ರೆಶ್’, ‘ಪ್ಯೂರ್’ ಮುಂತಾದ ಪದಗಳನ್ನು ಯಾವಾಗ ಬಳಸಬಹುದು ಎಂದು ಹೇಳುತ್ತವೆ. ಆ ಪಟ್ಟಿಯಲ್ಲಿ ‘ಗ್ರಾಸ್‌ಫೆಡ್’ ಇಲ್ಲ. ದಿನಕ್ಕೆ ಎಷ್ಟು ಹೊತ್ತು ಮೇಯಬೇಕು, ವರ್ಷಕ್ಕೆ ಎಷ್ಟು ದಿನ ಮೇಯಬೇಕು ಎಂಬ ಲೆಕ್ಕವಿಲ್ಲದ ಪದ ಅದು.

ಇನ್ನು ರೈತನ ಕಡೆಯಿಂದ ನೋಡಿ. ಅಪ್ಪ ಹಾಲು ಹಾಕುವ ಡೈರಿಯಲ್ಲಿ ಯಂತ್ರ ಅಳೆಯುವುದು ಎರಡನ್ನು: ಫ್ಯಾಟ್ ಮತ್ತು ಎಸ್‌ಎನ್‌ಎಫ್. ಹಸು ಗುಡ್ಡದಲ್ಲಿ ಮೇಯ್ದು ಬಂತೋ, ಕಟ್ಟಿದಲ್ಲೇ ಹಿಂಡಿ ತಿಂತೋ, ಯಂತ್ರ ಕೇಳುವುದಿಲ್ಲ. ಬೆಳಗ್ಗೆ ಹೊಡೆದುಕೊಂಡು ಹೋಗಿ ಸಂಜೆ ತನಕ ಕಾಯುವವನ ಕೂಲಿಗೆ ಅಲ್ಲಿ ಬೆಲೆಯಿಲ್ಲ. ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳು ಮೂಲತಃ ಗೇಯುವ ತಳಿಗಳು, ಹಾಲು ಕಡಿಮೆ. ಹೀಗಿರುವಾಗ ಅಪ್ಪ ನಾಟಿ ಹಸು ಮಾರಿ ಎಚ್‌ಎಫ್ ಕಟ್ಟಿದ್ದು ತಪ್ಪು ಎಂದು ನಾನು ಹೇಗೆ ಹೇಳಲಿ? ನನ್ನ ಎಂಟೆಕ್ ಫೀಸಿನಲ್ಲಿ ಆ ಎಚ್‌ಎಫ್ ಹಾಲಿನ ದುಡ್ಡೂ ಇತ್ತು. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2012ರಿಂದ 2019ರ ಜಾನುವಾರು ಗಣತಿಯ ಹೊತ್ತಿಗೆ ದೇಸಿ ದನಗಳು ಶೇ 6ರಷ್ಟು ಕಡಿಮೆಯಾದವು. ವಿದೇಶಿ ಮತ್ತು ಮಿಶ್ರತಳಿಗಳು ಶೇ 27ರಷ್ಟು ಹೆಚ್ಚಾದವು.

ಈಗ ನೆಲದ ವಿಷಯಕ್ಕೆ ಬರೋಣ. ಮೈಸೂರು ಅರಸರು ಸೈನ್ಯದ ಎತ್ತುಗಳಿಗಾಗಿ ಅಮೃತಮಹಲ್ ಕಾವಲುಗಳನ್ನು ಕಾಯ್ದಿಟ್ಟಿದ್ದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ ಅಂಥ ಕಾವಲಿನ ಸುಮಾರು 8 ಸಾವಿರ ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೋಗಳಿಗೆ ಹೋಯಿತು. ಸುತ್ತಲಿನ ಹಳ್ಳಿಗರ ಅಳಲು ಹಸಿರು ನ್ಯಾಯಮಂಡಳಿಯವರೆಗೆ ತಲುಪಿತು. ಇಂಜಿನಿಯರನಾಗಿ ಆ ಸಂಸ್ಥೆಗಳ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ‘ಖಾಲಿ ಜಾಗ’ ಎಂದು ಕಾಗದದಲ್ಲಿ ಕಂಡದ್ದು ದನ, ಕುರಿಗಳ ಊಟದ ತಟ್ಟೆಯಾಗಿತ್ತು ಎನ್ನುವುದೂ ಅಷ್ಟೇ ನಿಜ.

ಊರೂರಿನ ಗೋಮಾಳದ ಕತೆ ಸದ್ದಿಲ್ಲದೆ ನಡೆಯುತ್ತದೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಬೇರೆಯದಕ್ಕೆ ಕೊಡಲು ದಾರಿಯಿದೆ. ಇದನ್ನು ನಾವು ಸಾಫ್ಟ್‌ವೇರಿನವರು ಓದಿದರೆ ದೋಷ ಕೂಡಲೇ ಕಾಣುತ್ತದೆ. ಮೇಯಲು ಜಾಗ ಕಡಿಮೆಯಾದರೆ ರೈತ ದನ ಮಾರುತ್ತಾನೆ. ದನ ಕಡಿಮೆಯಾದರೆ ನಿಯಮದ ಪ್ರಕಾರ ಬೇಕಾದ ಗೋಮಾಳವೂ ಕಡಿಮೆ. ಉಳಿದದ್ದು ‘ಹೆಚ್ಚುವರಿ’ ಆಗುತ್ತದೆ, ನಿವೇಶನಕ್ಕೋ ಬಗರ್‌ಹುಕುಂ ಸಾಗುವಳಿಗೋ ಹೋಗುತ್ತದೆ. ಮತ್ತೆ ದನ ಕಡಿಮೆ. ನಿಲ್ಲಿಸುವ ಷರತ್ತೇ ಇಲ್ಲದ ಲೂಪ್ ಇದು. ಹಾಗೆಂದು ಜಮೀನು ಪಡೆದವರನ್ನು ದೂರುವಂತಿಲ್ಲ. ಅವರಲ್ಲಿ ಗೇಣು ಭೂಮಿಯೂ ಇಲ್ಲದ ಬಡವರಿದ್ದಾರೆ. ತಪ್ಪಿರುವುದು, ಹುಲ್ಲಿಗೆ ಅದರದ್ದೇ ಆದ ಬೆಲೆಯಿಲ್ಲದ ಲೆಕ್ಕದಲ್ಲಿ.

ಏನು ಮಾಡಬಹುದು? ಮೊದಲನೆಯದಾಗಿ, ‘ಗ್ರಾಸ್‌ಫೆಡ್’ ಎಂದರೆ ಏನೆಂದು ಪ್ರಾಧಿಕಾರ ಬರೆಯಲಿ, ಎ2 ಹೇಳಿಕೆಯ ಬಗ್ಗೆಯೂ ಒಂದು ತೀರ್ಮಾನಕ್ಕೆ ಬರಲಿ. ಎರಡನೆಯದಾಗಿ, ಹಾಲು ಒಕ್ಕೂಟಗಳು ಮೇಯಿಸುವ ಊರುಗಳ ಹಾಲನ್ನು ಬೇರೆಯಾಗಿ ಸಂಗ್ರಹಿಸಿ ಬೇರೆ ದರ ಕೊಟ್ಟು ನೋಡಲಿ. ಪಟ್ಟಣದವರು ಕೊಡಲು ಸಿದ್ಧರಿರುವ ಹೆಚ್ಚುವರಿ ಹಣ ದನ ಕಾಯುವವನ ಕೈಗೆ ಸೇರುವ ದಾರಿ ಅದು. ಮೂರನೆಯದಾಗಿ, ಇದ್ದಷ್ಟು ಗೋಮಾಳವನ್ನಾದರೂ ಅಳೆದು ಗಡಿ ಗುರುತಿಸಲಿ. ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದ್ದು 2011ರಲ್ಲೇ.

ಊರು ಬಿಟ್ಟ ನಮ್ಮಂಥವರು ಕೂತಲ್ಲಿಂದಲೇ ಮಾಡಬಹುದಾದ ಕೆಲಸವೂ ಇದೆ. ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆ. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನಕ್ಷೆಯ ಮೇಲೆಯೇ ಕಾಣುತ್ತದೆ. ಹೋದ ತಿಂಗಳು ಒಂದು ಭಾನುವಾರ ಕೂತು ನಮ್ಮೂರಿನ ಗೋಮಾಳದ ಸರ್ವೆ ನಂಬರುಗಳನ್ನು ಪಟ್ಟಿ ಮಾಡಿ ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿದೆ. ದಾಖಲೆಯಲ್ಲಿ ಗೋಮಾಳ ಎಂದಿರುವ ಜಾಗದಲ್ಲಿ ಈಗ ಅರ್ಧ ಜಾಲಿ, ಕಾಲು ತೋಟ. ಉಳಿದ ಕಾಲು ಭಾಗದಲ್ಲಿ ಮಾತ್ರ ಹುಲ್ಲು.

ಅಪ್ಪ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ ಅಳತೆಗೆ ಅರ್ಜಿ ಕೊಟ್ಟು ಬಂದಿದ್ದಾರೆ. ಅಳತೆ ಆಗುತ್ತದೋ ಇಲ್ಲವೋ ನೋಡಬೇಕು. ನಾವು ಸದ್ಯಕ್ಕೆ ಪ್ಯಾಕೆಟ್ ಹಾಲಿಗೆ ಮರಳಿದ್ದೇವೆ, ಮಗಳು ಗಲಾಟೆಯಿಲ್ಲದೆ ಕುಡಿಯುತ್ತಿದ್ದಾಳೆ. ಆ ಕಾಲು ಭಾಗದ ಹುಲ್ಲು ಮೇಯ್ದ ಹಸುವಿನ ಹಾಲು ಮುಂದೊಂದು ದಿನ ಪುಣೆಗೆ ಬಂದರೆ 120 ರೂಪಾಯಿ ಕೊಡಲು ನನಗೆ ಬೇಸರವಿಲ್ಲ. ಆದರೆ ಅದರಲ್ಲಿ ಎಷ್ಟು ನಮ್ಮೂರಿಗೆ ಹೋಯಿತು ಎಂದು ಬಾಟಲಿಯ ಮೇಲೆ ಬರೆದಿರಬೇಕು.