ಸೋಫಾ ಉಳಿಸಲು ಹತ್ತು ಮೂಳೆ

ಬೆಕ್ಕಿನ ಉಗುರು ತೆಗೆಸುವುದೆಂದರೆ ನಾವು ಉಗುರು ಕತ್ತರಿಸಿಕೊಂಡ ಹಾಗೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬೆಕ್ಕಿನ ಉಗುರು ಬೆರಳ ತುದಿಯ ಮೂಳೆಯಿಂದಲೇ ಬೆಳೆಯುತ್ತದೆ. ಅದು ಮತ್ತೆ ಬಾರದಿರಬೇಕಾದರೆ ಆ ಮೂಳೆಯನ್ನೇ ಕಡಿದು ತೆಗೆಯಬೇಕು. ಎರಡು ಮುಂಗಾಲು, ಹತ್ತು ಬೆರಳು, ಹತ್ತು ಮೂಳೆ. ಅಮೆರಿಕದಲ್ಲಿ ದಶಕಗಳ ಕಾಲ ಇದು ಮಾಮೂಲಿ ಶಸ್ತ್ರಚಿಕಿತ್ಸೆಯಾಗಿತ್ತು. ರೋಗ ಯಾವುದು? ಸೋಫಾ ಹರಿಯುತ್ತದೆ ಎಂಬುದು!

2003ರಲ್ಲಿ ಕ್ಯಾಲಿಫೋರ್ನಿಯಾದ ವೆಸ್ಟ್ ಹಾಲಿವುಡ್ ಎಂಬ ಪುಟ್ಟ ನಗರ ಇದನ್ನು ನಿಷೇಧಿಸಿತು. ಅದರ ವಿರುದ್ಧ ಕೋರ್ಟಿಗೆ ಹೋದದ್ದು ಪೀಠೋಪಕರಣದ ವ್ಯಾಪಾರಿಗಳಲ್ಲ, ಪಶುವೈದ್ಯರ ರಾಜ್ಯ ಸಂಘ. ವೈದ್ಯರಿಗೆ ಲೈಸೆನ್ಸ್ ಕೊಟ್ಟದ್ದು ರಾಜ್ಯ, ಅದರಲ್ಲಿ ನಗರಸಭೆ ಕೈಹಾಕಬಾರದು ಎಂಬುದು ಅವರ ವಾದ. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆದರೆ ಕೋರ್ಟಿನಲ್ಲಿ ಸಿಗದದ್ದು ಶಾಸನಸಭೆಯಲ್ಲಿ ಸಿಕ್ಕಿತು. 2010ರಿಂದ ನಗರಗಳು ಇಂಥ ನಿಷೇಧ ಹೇರದಂತೆ 2009ರಲ್ಲಿ ಕಾನೂನೇ ಬಂತು. ಬಾಗಿಲು ಮುಚ್ಚುವ ಮುನ್ನ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಮೊದಲಾದ ನಗರಗಳು ತರಾತುರಿಯಲ್ಲಿ ನಿಷೇಧ ತಂದವು.

ವೈದ್ಯರ ಸ್ವಾತಂತ್ರ್ಯವನ್ನು ನಾವೂ ಗೌರವಿಸುತ್ತೇವೆ. ಆದರೆ ಈ ಕಾನೂನುಗಳು ಅದನ್ನು ಎಲ್ಲಿ ಕಸಿದಿವೆ? 2019ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಮೊದಲು ನಿಷೇಧ ತಂದ ನ್ಯೂಯಾರ್ಕ್, ಉಗುರಿಗೆ ಗಾಯ, ಸೋಂಕು, ರೋಗ ಇದ್ದರೆ ಶಸ್ತ್ರಚಿಕಿತ್ಸೆಗೆ ಅವಕಾಶ ಇಟ್ಟಿದೆ. ತಡೆದಿರುವುದು ಸಾಕುವವರ ಅನುಕೂಲಕ್ಕಾಗಿ ಕಡಿಯುವುದನ್ನು ಮಾತ್ರ. ಆರೋಗ್ಯವಂತ ಅಂಗವನ್ನು ಯಜಮಾನನ ಅನುಕೂಲಕ್ಕೆ ಕಡಿಯುವುದು ಚಿಕಿತ್ಸೆಯಲ್ಲ, ಕಸುಬು.

ಉಗುರು ತೆಗೆಯಲು ಬಿಡದಿದ್ದರೆ ಜನ ಬೆಕ್ಕನ್ನೇ ಹೊರಹಾಕುತ್ತಾರೆ ಎಂಬುದು ಇನ್ನೊಂದು ವಾದ. ಇದು ವಾದವಲ್ಲ, ಬೆದರಿಕೆ. ಉಗುರು ಕಳಕೊಂಡ ಬೆಕ್ಕು ಪಾದದ ನೋವಿನಿಂದ ಮಲದ ತಟ್ಟೆಯ ಮರಳನ್ನು ತುಳಿಯಲು ಹಿಂಜರಿಯಬಹುದು, ರಕ್ಷಣೆಗೆ ಉಗುರಿಲ್ಲದೆ ಕಚ್ಚಬಹುದು. ಆಗ ಅದೇ ಯಜಮಾನ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾನೆಯೆ? ಬ್ರಿಟನ್ನಿನಲ್ಲಿ ಈ ಪದ್ಧತಿಗೆ ಅವಕಾಶವಿಲ್ಲ. ಅಲ್ಲಿ ಬೆಕ್ಕುಗಳೂ ಇವೆ, ಸೋಫಾಗಳೂ ಇವೆ. ಕೆರೆಯಲು ಹಗ್ಗ ಸುತ್ತಿದ ಒಂದು ಕಂಬ, ಆಗಾಗ ಉಗುರಿನ ತುದಿ ಕತ್ತರಿಸುವ ತಾಳ್ಮೆ, ಬೇಕಾದದ್ದು ಇಷ್ಟೇ.

ನಗರಗಳ ಕೈ ಕಟ್ಟಿದ್ದ ಕ್ಯಾಲಿಫೋರ್ನಿಯಾವೇ 2025ರಲ್ಲಿ ರಾಜ್ಯವ್ಯಾಪಿ ನಿಷೇಧಕ್ಕೆ ಸಹಿ ಹಾಕಿತು. ಆದರೂ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇಂಥ ಕಾನೂನು ಇಲ್ಲ. ಅಲ್ಲಿನ ಶಾಸಕರನ್ನು ನಾವು ಕೇಳುವುದು ಇಷ್ಟೇ: ಮೂಕಪ್ರಾಣಿ ಕೋರ್ಟಿಗೆ ಹೋಗಲಾರದು, ಸಂಘ ಕಟ್ಟಲಾರದು. ಅದರ ಪರವಾಗಿ ಮಾತಾಡದಿದ್ದರೆ ಕಾನೂನು ಇರುವುದು ಯಾರಿಗಾಗಿ?